ತೈಲ ವೇದಿಕೆಯ ಚಿತ್ರ ಹೇಳದಿರುವುದು

ಕಡಲಿನಲ್ಲಿ ತೈಲ, ಅನಿಲ ತೆಗೆಯುವ ವೇದಿಕೆಯ ಚಿತ್ರವನ್ನು ನೀವು ಪುಸ್ತಕಗಳಲ್ಲಿ ನೋಡಿರುತ್ತೀರಿ. ಎತ್ತರದ ಕೊರೆಯುವ ಗೋಪುರ, ತುದಿಯಲ್ಲಿ ಬೆಂಕಿ ಉರಿಯುವ ಫ್ಲೇರ್, ಒಂದು ಮೂಲೆಯಲ್ಲಿ ಹೆಲಿಪ್ಯಾಡ್. ಪ್ರತಿಯೊಂದಕ್ಕೂ ಬಾಣದ ಗುರುತು, ಪಕ್ಕದಲ್ಲಿ ಹೆಸರು. ಇಂತಹ ಚಿತ್ರ ತಪ್ಪೇನಲ್ಲ. ಆದರೆ ಅದು ಭಾಗಗಳ ಹೆಸರನ್ನು ಕಲಿಸುತ್ತದೆಯೇ ಹೊರತು ಯಾವ ಭಾಗದ ಪಕ್ಕದಲ್ಲಿ ಯಾವುದಿದೆ, ಏಕಿದೆ ಎಂಬುದನ್ನಲ್ಲ. ವೇದಿಕೆಯ ಮೇಲಿರುವವರ ಜೀವ ನಿಂತಿರುವುದು ಇದರ ಮೇಲೆಯೇ.

ಮೊದಲು ಭಾಗಗಳನ್ನು ನೋಡೋಣ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟೇ ಜಾಕೆಟ್. ಸಮುದ್ರತಳಕ್ಕೆ ಉದ್ದನೆಯ ಕಂಬಗಳನ್ನು ಬಡಿದು ಅದನ್ನು ಭದ್ರಪಡಿಸುತ್ತಾರೆ. ಅದರ ಮೇಲಿರುವುದು ಡೆಕ್. ಬಾವಿಯಿಂದ ಬಂದ ಮಿಶ್ರಣವನ್ನು ಇಲ್ಲಿನ ವಿಭಾಜಕಗಳು ತೈಲ, ಅನಿಲ ಮತ್ತು ನೀರಾಗಿ ಬೇರ್ಪಡಿಸುತ್ತವೆ. ಪಂಪುಗಳು ತೈಲವನ್ನೂ ಸಂಪೀಡಕಗಳು ಅನಿಲವನ್ನೂ ಮುಂದೆ ದೂಡುತ್ತವೆ. ಹೆಚ್ಚುವರಿ ಅನಿಲವನ್ನು ಫ್ಲೇರ್ ಸುಡುತ್ತದೆ. ಡೆಕ್ಕನ್ನು ಸಮುದ್ರತಳದ ಕೊಳವೆಮಾರ್ಗಕ್ಕೆ ಸೇರಿಸುವ ನೆಟ್ಟಗಿನ ಕೊಳವೆಯೇ ರೈಸರ್. ಚಿತ್ರಗಳಲ್ಲಿ ಇದು ಒಂದು ತೆಳುವಾದ ಗೆರೆ ಮಾತ್ರ. ಕೆಲವೊಮ್ಮೆ ಅದೂ ಇರುವುದಿಲ್ಲ.

ಆ ಗೆರೆಯ ಮಹತ್ವ ತಿಳಿಯಲು ಮುಂಬೈಯಿಂದ ಪಶ್ಚಿಮಕ್ಕೆ ಸುಮಾರು 160 ಕಿ.ಮೀ. ದೂರದ ಮುಂಬೈ ಹೈಗೆ ಹೋಗಬೇಕು. 2005ರ ಜುಲೈ 27ರಂದು ಗಾಯಾಳುವೊಬ್ಬರನ್ನು ಅಲ್ಲಿನ ಉತ್ತರ ವೇದಿಕೆಗೆ ದಾಟಿಸಲು ‘ಸಮುದ್ರ ಸುರಕ್ಷಾ’ ಎಂಬ ಹಡಗು ಸಮೀಪಕ್ಕೆ ಬಂದಿತು. ಅದರ ಹೆಲಿಪ್ಯಾಡ್ ರೈಸರ್‌ಗೆ ಬಡಿಯಿತು. ಸೋರಿದ ಅನಿಲ ಹೊತ್ತಿಕೊಂಡು, ಸುಮಾರು ಎರಡು ಗಂಟೆಗಳಲ್ಲಿ ವೇದಿಕೆ ನಾಶವಾಯಿತು. 22 ಮಂದಿ ಸತ್ತರು. ವಸತಿ ವೇದಿಕೆ ಪ್ರತ್ಯೇಕವಾಗಿದ್ದು ಸೇತುವೆಯಿಂದ ಮಾತ್ರ ಜೋಡಣೆಯಾಗಿದ್ದರೂ ಅದಕ್ಕೂ ಉರಿಯ ಶಾಖ ತಟ್ಟಿತು.

ಇದಕ್ಕೆ 17 ವರ್ಷ ಮೊದಲು, 1988ರ ಜುಲೈ 6ರಂದು, ಉತ್ತರ ಸಮುದ್ರದ ಪೈಪರ್ ಆಲ್ಫಾ ವೇದಿಕೆಯಲ್ಲಿ 167 ಮಂದಿ ಸತ್ತಿದ್ದರು. ತೈಲಕ್ಕೆಂದು ಕಟ್ಟಿದ ಅದರ ಮೇಲೆ ಅನಿಲ ಸಂಪೀಡನವನ್ನು ನಂತರ ಸೇರಿಸಲಾಗಿತ್ತು. ಅಲ್ಲಿನ ಗೋಡೆಗಳು ಬೆಂಕಿಯನ್ನು ತಡೆಯಬಲ್ಲವಾಗಿದ್ದವು, ಸ್ಫೋಟವನ್ನಲ್ಲ. ಮುಂದೆ ಅನಿಲದ ರೈಸರ್‌ಗಳೂ ಒಡೆದು ಉರಿ ಹೆಚ್ಚಿತು.

ರೈಸರ್ ಒಡೆದರೆ ಉರಿಯುವುದು ಅದರೊಳಗಿನ ಅನಿಲವಷ್ಟೇ ಅಲ್ಲ, ಕಿಲೋಮೀಟರುಗಟ್ಟಲೆ ಕೊಳವೆಮಾರ್ಗದಲ್ಲಿರುವ ಅನಿಲ. ಡೆಕ್ಕಿನ ಮೇಲಿನ ತುರ್ತು ಕವಾಟ ಮುಚ್ಚಿದರೂ, ಬಿರುಕು ಅದಕ್ಕಿಂತ ಕೆಳಗಿದ್ದರೆ ಪ್ರಯೋಜನವಿಲ್ಲ. ಆಗ ಬೇಕಾದದ್ದು ಸಮುದ್ರತಳದಲ್ಲಿಯೇ ಇರುವ ಕವಾಟ.

ಆದ್ದರಿಂದ ಶಿಕ್ಷಕರು ‘ಭಾಗಗಳನ್ನು ಹೆಸರಿಸಿ’ ಎಂದು ಕೇಳಿ ನಿಲ್ಲಿಸಬಾರದು. ಅನಿಲ ಬಾವಿಯಿಂದ ದಡದವರೆಗೆ ಸಾಗುವ ದಾರಿಯನ್ನು ವಿದ್ಯಾರ್ಥಿಗಳಿಂದ ಬಿಡಿಸಿರಿ. ಅನಂತರ ಕೇಳಿರಿ: ಇಲ್ಲಿ ಒಡೆದರೆ ಯಾವ ಕವಾಟವನ್ನು ಮುಚ್ಚಬೇಕು? ಮಲಗಿರುವವರು ಎಷ್ಟು ದೂರದಲ್ಲಿದ್ದಾರೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವ ಚಿತ್ರವೇ ಪಾಠಕ್ಕೆ ಯೋಗ್ಯವಾದ ಚಿತ್ರ.