ಮೆಗ್ನೀಸಿಯಂ: ಲೀಟರ್ ಲೆಕ್ಕದ ಹಗುರ

ವಾಹನದ ತೂಕ ಇಳಿಸುವ ಮಾತು ಬಂದಲ್ಲೆಲ್ಲ ಈಗ ಮೆಗ್ನೀಸಿಯಂ ಹೆಸರು ಕೇಳಿಬರುತ್ತದೆ. ಬ್ಯಾಟರಿ ಗಾಡಿಗಳ ಕಾಲದಲ್ಲಿ ಕಿಲೋ ಕಿಲೋಗೂ ಬೆಲೆಯಿದೆ, ಒಪ್ಪೋಣ. ಆದರೆ ಈ ಲೋಹಕ್ಕೆ ಕಟ್ಟಿರುವ ‘ನಾಳೆಯ ಲೋಹ’ ಎಂಬ ಪಟ್ಟ ಅದರ ಯೋಗ್ಯತೆಗಿಂತ ತುಂಬಾ ದೊಡ್ಡದು. ಆ ಪಟ್ಟ ನಿಂತಿರುವುದು ಒಂದೇ ವಾಕ್ಯದ ಮೇಲೆ: ಮೆಗ್ನೀಸಿಯಂ ಉಕ್ಕಿಗಿಂತ ಮುಕ್ಕಾಲು ಪಾಲು ಹಗುರ, ಅಲ್ಯೂಮಿನಿಯಂಗಿಂತ ಮೂರರಲ್ಲಿ ಒಂದು ಪಾಲು ಹಗುರ. ಕಂಪನಿಯ ಕರಪತ್ರದಲ್ಲೂ ಎಂಜಿನಿಯರಿಂಗ್ ಕಾಲೇಜಿನ ಸೆಮಿನಾರಿನಲ್ಲೂ ಇದೇ ವಾಕ್ಯ ಓಡಾಡುತ್ತದೆ. ಅದನ್ನೇ ಒಮ್ಮೆ ಬಿಡಿಸಿ ನೋಡಬೇಕು.

ಒಂದು ಲೀಟರ್ ಗಾತ್ರದ ಉಕ್ಕು 7.85 ಕಿಲೋ ತೂಗುತ್ತದೆ, ಅಲ್ಯೂಮಿನಿಯಂ 2.7, ಮೆಗ್ನೀಸಿಯಂ 1.74. ಇಲ್ಲಿಯವರೆಗೆ ವಾಕ್ಯ ನಿಜ. ಆದರೆ ಯಾರೂ ಲೀಟರ್ ಅಳೆದು ಗಾಡಿ ಕಟ್ಟುವುದಿಲ್ಲ. ಹೊರೆ ಬಿದ್ದಾಗ ಎಷ್ಟು ಬಾಗದೆ ನಿಲ್ಲುತ್ತದೆ ಎಂದು ನೋಡಿ ಕಟ್ಟುತ್ತಾರೆ. ಆ ಬಿಗಿತದ ಅಳತೆ ಉಕ್ಕಿಗೆ ಸುಮಾರು 210 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಂಗೆ 70, ಮೆಗ್ನೀಸಿಯಂಗೆ 45. ಈ ಅಂಕಿಯನ್ನು ಆಯಾ ಲೋಹದ ತೂಕದಿಂದ ಭಾಗಿಸಿದರೆ ಮೂರಕ್ಕೂ 26ರ ಆಸುಪಾಸಿನ ಉತ್ತರವೇ ಬರುತ್ತದೆ. ಅಂದರೆ ಎಷ್ಟು ಹಗುರವೋ ಅಷ್ಟೇ ಮೆತ್ತಗೆ. ಕರಪತ್ರಗಳು ಮೊದಲರ್ಧವನ್ನು ಹೇಳಿ ಎರಡನೆಯದನ್ನು ನುಂಗುತ್ತವೆ.

ಇದನ್ನು ನಮ್ಮ ಯಾದಗಿರಿ ಜಿಲ್ಲೆಯಲ್ಲೇ ಇಟ್ಟು ನೋಡಬಹುದು. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ರೈಲ್ವೆಯ ಬೋಗಿ ಕಾರ್ಖಾನೆ ಇದೆ. ಬೋಗಿ ಎಂದರೆ ಇಲ್ಲಿ ನಾವು ಕೂರುವ ಡಬ್ಬಿಯಲ್ಲ, ಅದನ್ನು ಹೊತ್ತು ಓಡುವ ಚಕ್ರಗಳ ಚೌಕಟ್ಟು. ಈಗಿನ ಎಲ್‌ಎಚ್‌ಬಿ ಮಾದರಿಯ ಪ್ರಯಾಣಿಕ ಡಬ್ಬಿಗಳ ಬೋಗಿಯನ್ನು ಬಗ್ಗಿ ನೋಡಿದವರಿಗೆ ಗೊತ್ತು: ಉದ್ದಕ್ಕೆ ಎರಡು ತೊಲೆ, ಅವನ್ನು ಅಡ್ಡಕ್ಕೆ ಬಿಗಿಯುವ ಎರಡು ತೊಲೆ, ಬ್ರೇಕಿನ ಸರಂಜಾಮು ಹೊರುವುದೂ ಆ ಅಡ್ಡ ತೊಲೆಗಳೇ. ಉಕ್ಕಿನ ಹಾಳೆಗಳನ್ನು ವೆಲ್ಡ್ ಮಾಡಿ ಕಟ್ಟಿದ ಚೌಕಟ್ಟು ಅದು. ಚಕ್ರ, ಸ್ಪ್ರಿಂಗ್, ಬ್ರೇಕುಗಳ ನಡುವೆ ಆ ತೊಲೆಗೆ ಸಿಕ್ಕಿರುವ ಜಾಗ ಇಷ್ಟೇ. ಹೊರಗಿನ ಅಳತೆ ಬೆಳೆಸುವಂತಿಲ್ಲ. ಟೊಳ್ಳು ತೊಲೆಯೊಂದರ ಹೊರಗಿನ ಅಳತೆ ಹಾಗೇ ಇಟ್ಟು, ಉಕ್ಕಿನಷ್ಟೇ ಬಿಗಿತ ಮೆಗ್ನೀಸಿಯಂನಿಂದ ಬೇಕೆಂದರೆ ಅದರ ಗೋಡೆ ಸುಮಾರು ನಾಲ್ಕೂವರೆ ಪಟ್ಟಿಗಿಂತ ಹೆಚ್ಚು ದಪ್ಪವಾಗಬೇಕು. ಹಾಗೆ ಮಾಡಿದ ಮೇಲೆ ತೂಗಿದರೆ ಅದು ಉಕ್ಕಿನ ತೊಲೆಗಿಂತ ಒಂದು ಕೂದಲೆಳೆ ಭಾರವೇ ಆಗುತ್ತದೆ! ಮುಕ್ಕಾಲು ಪಾಲು ಹಗುರ ಎಂದ ವಾಕ್ಯ ಇಲ್ಲಿ ಪೂರ್ತಿ ಕುಸಿಯುತ್ತದೆ. ಸಾವಿರಾರು ಜನರ ಜೀವ ಹೊರುವ ತೊಲೆಗೆ ಇಂಥ ವಾಕ್ಯ ಹಿಡಿದುಕೊಂಡು ಹೋಗಬಾರದು ಎಂಬುದೇ ನನ್ನ ತಕರಾರಿನ ತಿರುಳು.

ಉಕ್ಕು ಬಿಡದೆಯೂ ತೂಕ ಇಳಿಸಬಹುದು. ಎಲ್‌ಎಚ್‌ಬಿ ಡಬ್ಬಿ ಹಳೆಯ ಐಸಿಎಫ್ ಮಾದರಿಯ ಡಬ್ಬಿಗಿಂತ ಸುಮಾರು ಎರಡು ಮೀಟರ್ ಉದ್ದ, ಸ್ಲೀಪರ್‌ನಲ್ಲಿ 72ರ ಬದಲು 80 ಜನ ಮಲಗುತ್ತಾರೆ, ಮೀಟರ್‌ ಲೆಕ್ಕದಲ್ಲಿ ತೂಕ ಮಾತ್ರ ಕಡಿಮೆ. ಇದನ್ನು ಸಾಧಿಸಿದ್ದು ತೆಳು ಸ್ಟೇನ್‌ಲೆಸ್ ಉಕ್ಕಿನ ಹಾಳೆ ಮತ್ತು ಆಕಾರದ ಜಾಣ್ಮೆ. ಈ ಜಾಣ್ಮೆಗೆ ಸಲ್ಲಬೇಕಾದ ಹೊಗಳಿಕೆ ನಮ್ಮಲ್ಲಿ ಇನ್ನೂ ಸಂದಿಲ್ಲ.

ಮೆಗ್ನೀಸಿಯಂ ಗೆಲ್ಲುವ ಜಾಗವೂ ಇದೆ. ಚಪ್ಪಟೆ ಹಾಳೆ ಬಾಗುವ ಕಡೆ ದಪ್ಪ ತುಸು ಹೆಚ್ಚಿದರೂ ಬಿಗಿತ ಬಹಳ ಏರುತ್ತದೆ. ಅಲ್ಲಿ ಅಲ್ಯೂಮಿನಿಯಂಗಿಂತ ಕಾಲು ಪಾಲು ತೂಕ ಕಡಿಮೆಯಾಗುತ್ತದೆ. ಸ್ಟೀರಿಂಗ್ ಚಕ್ರದೊಳಗಿನ ಅಸ್ಥಿ, ಸೀಟಿನ ಚೌಕಟ್ಟು, ಗೇರ್‌ಬಾಕ್ಸ್ ಹೊದಿಕೆ, ಇವಕ್ಕೆ ಅದು ಒಳ್ಳೆಯ ಲೋಹ. ಮೊದಲೆರಡೂ ಗಾಡಿಯ ಒಣ ಮೂಲೆಗಳು ಎಂಬುದನ್ನು ಗಮನಿಸಬೇಕು.

ನೀರು ಮುಟ್ಟಿದರೆ ಕಥೆ ಬೇರೆ. ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂನದು, ದಶಕಗಟ್ಟಲೆ ಓಡಿತು ಎಂದು ಹೊಗಳುವವರು ಆ ಎಂಜಿನ್ ಗಾಳಿಯಿಂದ ತಣಿಯುತ್ತಿತ್ತು ಎಂಬುದನ್ನು ಮರೆಯುತ್ತಾರೆ. ಅದೇ ಕಂಪನಿಯ 1974ರ ಗಾಲ್ಫ್ ಕಾರು ನೀರಿನಿಂದ ತಣಿಯುವ ಎಂಜಿನ್ ಹೊತ್ತು ಬಂದಾಗ ಅದರ ಬ್ಲಾಕ್ ಎರಕದ ಕಬ್ಬಿಣದ್ದಾಗಿತ್ತು. 2004ರಲ್ಲಿ ಬಿಎಂಡಬ್ಲ್ಯು ತನ್ನ ಎನ್52 ಎಂಜಿನ್ನಿಗೆ ಮತ್ತೆ ಮೆಗ್ನೀಸಿಯಂ ತಂದಿತು. ಸಿಲಿಂಡರು ಮತ್ತು ನೀರಿನ ದಾರಿಗೆ ಒಳಗೆ ಅಲ್ಯೂಮಿನಿಯಂ, ಹೊರಗೆ ಮಾತ್ರ ಮೆಗ್ನೀಸಿಯಂ. ಉಕ್ಕಿನ ಬೋಲ್ಟ್ ತಾಗಿದರೆ ಮೆಗ್ನೀಸಿಯಂ ಸವೆದುಹೋಗುತ್ತದೆಂದು ಅಲ್ಯೂಮಿನಿಯಂ ಬೋಲ್ಟ್. ಅದನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ, ಹೊಸದೇ ಬೇಕು. ಕೆಲವೇ ವರ್ಷಗಳಲ್ಲಿ ಬಂದ ಎನ್55ರಲ್ಲಿ ಅದೇ ಕಂಪನಿ ಅಲ್ಯೂಮಿನಿಯಂ ಬ್ಲಾಕಿಗೆ ಮರಳಿತು. ಈಗ ಶಹಾಪುರದಿಂದ ಸುರಪುರದತ್ತ ಮಳೆಗಾಲದಲ್ಲಿ ಹೊಲ ಹೊಕ್ಕು ಬಂದ ಟ್ರ್ಯಾಕ್ಟರಿನ ಕೆಳಭಾಗ ನೋಡಿ: ಒದ್ದೆ ಎರೆ ಮಣ್ಣು ನಟ್ಟು ಬೋಲ್ಟುಗಳ ಸಂದಿಯಲ್ಲಿ ದಿನಗಟ್ಟಲೆ ಮೆತ್ತಿಕೊಂಡಿರುತ್ತದೆ. ಆ ಹಸಿಯಲ್ಲಿ ಉಕ್ಕಿನ ಪಕ್ಕ ಮೆಗ್ನೀಸಿಯಂ ಕೂರಿಸುವುದು ಲೋಹಕ್ಕೂ ಒಳ್ಳೆಯದಲ್ಲ, ಮಾಲೀಕನಿಗೂ ಒಳ್ಳೆಯದಲ್ಲ.

ಇಷ್ಟು ಹೇಳಿದ್ದಕ್ಕೆ ನನ್ನನ್ನು ಬೆಂಕಿಯ ಗುಂಪಿಗೆ ಸೇರಿಸಬಾರದು. ಮೆಗ್ನೀಸಿಯಂ ಬೇಡ ಎನ್ನುವವರಲ್ಲಿ ಬಹುಪಾಲು ಜನ ‘ಅದು ಹೊತ್ತಿ ಉರಿಯುತ್ತದೆ’ ಎಂಬ ಒಂದೇ ಕಾರಣ ಕೊಡುತ್ತಾರೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಚಟುವಟಿಕೆಯಲ್ಲೇ ಮೆಗ್ನೀಸಿಯಂ ಪಟ್ಟಿ ಸುಟ್ಟು ಕಣ್ಣು ಕೋರೈಸುವ ಬೆಳಕು ಕಂಡವರು ನಾವೆಲ್ಲ, ಹೆದರಿಕೆ ಅಲ್ಲಿಂದಲೇ ಬಂದಿರಬೇಕು. ಪಟ್ಟಿ, ಪುಡಿ, ಲೇತಿನ ಸಿಪ್ಪೆ ಬೇಗ ಹೊತ್ತುತ್ತವೆ ನಿಜ. ಗಟ್ಟಿ ಎರಕ ಹಾಗಲ್ಲ. ಕಾವು ಒಳಗೆಲ್ಲ ಹರಿದು ಹಂಚಿಹೋಗುತ್ತದೆ, 650 ಡಿಗ್ರಿಯ ಕರಗುವ ಬಿಂದುವಿನ ಹತ್ತಿರ ಹೋಗದೆ ಸಾಮಾನ್ಯವಾಗಿ ಹೊತ್ತುವುದಿಲ್ಲ. ಬೆಂಕಿಯ ಕಾರಣ ಕೊಡುವವರು ಯಾವಾಗಲೂ 1955ರ ಲ ಮಾನ್ಸ್ ಕಾರು ರೇಸಿನ ದುರಂತವನ್ನು ಮುಂದಿಡುತ್ತಾರೆ. ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರಿನ ಮೆಗ್ನೀಸಿಯಂ ಮಿಶ್ರಲೋಹದ ಮೈಗೆ ಬೆಂಕಿ ಬಿತ್ತು, ನೀರು ಹೊಯ್ದಾಗ ಉರಿ ಇನ್ನೂ ಹೆಚ್ಚಿತು. ಆದರೆ ಅಂದು ಸತ್ತ ಎಂಬತ್ತಕ್ಕೂ ಹೆಚ್ಚು ಜನರಲ್ಲಿ ಬಹುತೇಕರನ್ನು ಕೊಂದದ್ದು ಜನಸಂದಣಿಗೆ ಸಿಡಿದು ನುಗ್ಗಿದ ಎಂಜಿನ್, ಆಕ್ಸಲ್ ಮುಂತಾದ ಭಾಗಗಳು. ಅಮೆರಿಕದ ವಿಮಾನಯಾನ ಇಲಾಖೆ ತನ್ನದೇ ಬೆಂಕಿ ಪರೀಕ್ಷೆಗಳ ನಂತರ ವಿಮಾನದ ಸೀಟುಗಳಿಗೆ ಕೆಲವು ಮೆಗ್ನೀಸಿಯಂ ಮಿಶ್ರಲೋಹಗಳನ್ನು ಒಪ್ಪಿಕೊಂಡಿದೆ. ತಪ್ಪು ಕಾರಣ ಹಿಡಿದು ವಿರೋಧಿಸಿದರೆ, ನಾಳೆ ಬೆಂಕಿ ತಾಳುವ ಮಿಶ್ರಲೋಹ ಬಂದೊಡನೆ ವಿರೋಧವೇ ಬಿದ್ದುಹೋಗುತ್ತದೆ. ಬಿಗಿತದ ಲೆಕ್ಕ ಮಾತ್ರ ಇದ್ದಲ್ಲೇ ಇರುತ್ತದೆ.

ಪರಿಸರದ ಹೆಸರಲ್ಲಿ ಹೊಗಳುವವರಿಗೆ ಒಂದೇ ಮಾತು. ಜಗತ್ತಿನ ಬಹುಪಾಲು ಮೆಗ್ನೀಸಿಯಂ ಚೀನಾದಲ್ಲಿ, ಸುಟ್ಟ ಡೋಲೊಮೈಟ್ ಕಲ್ಲನ್ನು ಫೆರೊಸಿಲಿಕಾನ್ ಜೊತೆ ಸುಮಾರು 1200 ಡಿಗ್ರಿಯಲ್ಲಿ ನಿರ್ವಾತದೊಳಗೆ ಕಾಯಿಸಿ ತೆಗೆದದ್ದು, ಕಲ್ಲಿದ್ದಲನ್ನೇ ನೆಚ್ಚಿದ ವಿಧಾನ. 2021ರಲ್ಲಿ ಅಲ್ಲಿ ವಿದ್ಯುತ್ ಕಡಿತವಾದಾಗ ಯುರೋಪಿನ ಕಾರು ಕಂಪನಿಗಳು ದಿಗಿಲುಬಿದ್ದವು. ಡೋಲೊಮೈಟ್ ನಮ್ಮ ಬಾಗಲಕೋಟೆಯ ಲೋಕಾಪುರದ ಕಡೆಯೂ ಸಿಗುತ್ತದೆ. ಕಲ್ಲು ಇದ್ದ ಮಾತ್ರಕ್ಕೆ ಈ ಲೆಕ್ಕ ಬದಲಾಗದು.

ನಮ್ಮ ಭಾಗದಲ್ಲಿ ಇಳಿಸಲೇಬೇಕಾದ ತೂಕ ಹತ್ತಿ ಹೊರುವ ಟ್ರಾಲಿಗಳಲ್ಲಿದೆ. ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯವರು ಮುರಿಯದಿದ್ದರೆ ಸಾಕೆಂದು ದಪ್ಪ ಚಾನೆಲ್ ಮೇಲೆ ದಪ್ಪ ಚಾನೆಲ್ ಕೂರಿಸುತ್ತಾರೆ, ಖಾಲಿ ಟ್ರಾಲಿ ಎಳೆಯುವುದಕ್ಕೇ ಡೀಸೆಲ್ ಹೋಗುತ್ತದೆ. ತೊಲೆಯ ಎತ್ತರ ತುಸು ಹೆಚ್ಚಿಸಿ, ಗೋಡೆ ತೆಳು ಮಾಡಿ, ಅಡ್ಡಪಟ್ಟಿಗಳನ್ನು ಹೊರೆ ಬೀಳುವ ಕಡೆ ಸರಿಸಿ ಕೂರಿಸಿದರೆ ಅದೇ ಉಕ್ಕಿನಲ್ಲಿ, ಅದೇ ಅಂಗಡಿಯ ವೆಲ್ಡಿಂಗ್ ರಾಡಿನಲ್ಲಿ ಆ ತೂಕ ಇಳಿಯುತ್ತದೆ. ಮುರಿದರೆ ಹತ್ತಿರದ ಯಾವ ಊರಿನಲ್ಲಾದರೂ ಬೆಸೆಯಬಹುದು.