ಕಮಲಾಳ ಕಣ್ಣು

ಮನುಷ್ಯರ ಕಣ್ಣು ಕತ್ತಲಲ್ಲಿ ಹೊಳೆಯೋದಿಲ್ಲ. ರಾತ್ರಿ ಬೈಕಿನ ಬೆಳಕಿಗೆ ಬೀದಿನಾಯಿಯ ಕಣ್ಣು ಹೊಳೆಯುತ್ತೆ, ಬೆಕ್ಕಿನದು ಹೊಳೆಯುತ್ತೆ, ದನದ್ದೂ ಹೊಳೆಯುತ್ತೆ. ಅವುಗಳ ರೆಟಿನಾದ ಹಿಂದೆ ಬೆಳಕನ್ನು ಕನ್ನಡಿಯಂತೆ ವಾಪಸು ಕಳಿಸುವ ಒಂದು ಪದರ ಇದೆ. ನಮಗೆ ಅದಿಲ್ಲ. ಕಾಡಿನಲ್ಲಿ ಎಷ್ಟು ವರ್ಷ ಇದ್ದರೂ, ಯಾರ ಹಾಲು ಕುಡಿದರೂ, ಇಲ್ಲದ ಪದರ ಬೆಳೆದುಬಿಡೋದಿಲ್ಲ.

ಹಾಗಿದ್ದೂ 1942ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ದಪ್ಪ ಪುಸ್ತಕದಲ್ಲಿ, ಬಂಗಾಳದ ಮಿಡ್ನಾಪುರದ ಅನಾಥಾಲಯದಲ್ಲಿದ್ದ ಕಮಲಾ ಅನ್ನೋ ಹುಡುಗಿಯ ಕಣ್ಣುಗಳು ರಾತ್ರಿ ಹೊತ್ತು ನೀಲಿಯಾಗಿ ಹೊಳೆಯುತ್ತಿದ್ದವು ಅಂತ ಬರೆದಿದೆ. ಬರೆದವರು ಆ ಅನಾಥಾಲಯ ನಡೆಸುತ್ತಿದ್ದ ಪಾದ್ರಿ ಜೆ.ಎ.ಎಲ್. ಸಿಂಗ್. ಪ್ರಕಟಣೆಗೆ ಸಿದ್ಧ ಮಾಡಿದವರು ಡೆನ್ವರ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ರಾಬರ್ಟ್ ಜಿಂಗ್. ಇದಕ್ಕೂ ಒಂದು ವರ್ಷ ಮೊದಲೇ ಯೇಲ್‌ನ ಆರ್ನಾಲ್ಡ್ ಗೆಸೆಲ್, ಮಕ್ಕಳ ಬೆಳವಣಿಗೆಯ ವಿಷಯದಲ್ಲಿ ಆ ಕಾಲದ ದೊಡ್ಡ ಹೆಸರು, ಇದೇ ಹುಡುಗಿಯ ಬಗ್ಗೆ ಒಂದು ಪುಸ್ತಕ ಬರೆದು ಮುಗಿಸಿದ್ದರು. ತೋಳ ಮಗುವನ್ನು ಹೇಗೆ ಒಯ್ದಿತು, ಹೇಗೆ ಸಾಕಿತು ಅನ್ನೋದನ್ನ ಪಕ್ಕದಲ್ಲಿ ನಿಂತು ನೋಡಿದವರ ಹಾಗೆ ವರ್ಣಿಸಿದರು. ಕಮಲಾಳನ್ನು ಖುದ್ದು ನೋಡಿ ಬಂದು ಸಿಂಗ್ ಪರವಾಗಿ ಸಾಕ್ಷಿ ನುಡಿದವರು ಬಿಷಪ್ ಪ್ಯಾಕೆನ್‌ಹ್ಯಾಮ್ ವಾಲ್ಷ್. ಹಿಂದೊಮ್ಮೆ ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ವಾರ್ಡನ್ ಆಗಿದ್ದವರು. ಇಷ್ಟು ಜನ ಓದಿದವರ ಕೈ ದಾಟಿಕೊಂಡು ಆ ನೀಲಿ ಕಣ್ಣು ಅಚ್ಚಿನ ಪುಟಕ್ಕೆ ಬಂತು.

ಕತೆ ನಿಮಗೆ ಗೊತ್ತೇ ಇರುತ್ತೆ. ಸಮಾಜಶಾಸ್ತ್ರವನ್ನೋ ಬಿ.ಎಡ್.ನ್ನೋ ಓದಿದವರಾದರೆ ಪರೀಕ್ಷೆಯಲ್ಲಿ ಬರೆದು ಅಂಕ ಕೂಡ ತಗೊಂಡಿರ್ತೀರಿ. 1920ರ ಅಕ್ಟೋಬರ್‌ನಲ್ಲಿ ಸಿಂಗ್ ಕಾಡಿನ ಒಂದು ದೊಡ್ಡ ಹುತ್ತವನ್ನು ಅಗೆಸಿದರು. ಅಡ್ಡ ಬಂದ ತಾಯಿ ತೋಳವನ್ನು ಬಾಣ ಹೊಡೆದು ಕೊಂದರು. ಒಳಗೆ ತೋಳದ ಮರಿಗಳ ಜೊತೆ ಮುದುಡಿಕೊಂಡು ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಸುಮಾರು ಎಂಟು ವರ್ಷ, ಚಿಕ್ಕವಳಿಗೆ ಒಂದೂವರೆ. ಕಮಲಾ, ಅಮಲಾ ಅಂತ ಹೆಸರಿಟ್ಟರು. ಕೈಕಾಲು ಊರಿ ಓಡುತ್ತಿದ್ದರು, ಹಸಿ ಮಾಂಸ ತಿನ್ನುತ್ತಿದ್ದರು, ರಾತ್ರಿ ಊಳಿಡುತ್ತಿದ್ದರು. ಅಮಲಾ ಮರುವರ್ಷವೇ ಸತ್ತಳು. ಕಮಲಾ 1929ರ ನವೆಂಬರ್‌ವರೆಗೆ ಬದುಕಿದಳು. ಅಷ್ಟರಲ್ಲಿ ನೆಟ್ಟಗೆ ನಿಲ್ಲೋದನ್ನೂ ಒಂದಷ್ಟು ಮಾತುಗಳನ್ನೂ ಕಲಿತಿದ್ದಳು. ಹುತ್ತದೊಳಗಿಂದ ಕವಿ ಎದ್ದು ಬಂದ ಕತೆ ಕೇಳಿ ಬೆಳೆದ ನಮಗೆ ಹುತ್ತದೊಳಗಿಂದ ಮಕ್ಕಳು ಬರೋದು ಅಂಥ ಕಷ್ಟದ ಕಲ್ಪನೆಯೇನಲ್ಲ.

ಆದರೆ ಇದನ್ನು ದಿನಚರಿ ಅಂತ ಕೊಟ್ಟಿದ್ದಾರೆ. ಹಾಗಾಗಿ ದಿನಚರಿಯ ಹಾಗೇ ಓದೋಣ. ತೋಳದ ಮರಿ ಮೂರು ವಾರಕ್ಕೆ ಗೂಡಿನ ಬಾಯಿಗೆ ಬಂದು ಆಡುತ್ತೆ. ಎರಡು ತಿಂಗಳು ದಾಟುವ ಹೊತ್ತಿಗೆ ಹಾಲು ಬಿಟ್ಟಿರುತ್ತೆ, ಸಂಸಾರ ಗೂಡು ಖಾಲಿ ಮಾಡಿರುತ್ತೆ. ಮನುಷ್ಯರ ಕೂಸು ಎರಡು ತಿಂಗಳಿಗೆ ಕತ್ತು ನಿಲ್ಲಿಸಲು ಒದ್ದಾಡುತ್ತಿರುತ್ತೆ, ಅಂಬೆಗಾಲಿಡಬೇಕಾದರೆ ಏಳೆಂಟು ತಿಂಗಳು ಬೇಕು. ಅಷ್ಟೂ ದಿನ ಅದಕ್ಕೆ ಹಾಲು ಕೊಡೋದು ಯಾರು, ಹಗಲೂ ರಾತ್ರಿ ಮೈಲಿಗಟ್ಟಲೆ ಅಲೆಯುವ ಹಿಂಡಿನ ಜೊತೆ ಅದನ್ನು ಹೊತ್ತುಕೊಂಡು ಹೋಗೋದು ಯಾರು? ಅದೂ ಒಂದಲ್ಲ, ಆರೇಳು ವರ್ಷದ ಅಂತರದಲ್ಲಿ ಎರಡು ಮಕ್ಕಳು. ಒಂದು ತೋಳ ಜೀವಮಾನದಲ್ಲಿ ಎರಡು ಸಲ ಬೇಟೆಯ ಬಾಯಿ ಬಿಗಿ ಹಿಡಿದು ದತ್ತು ತಗೊಂಡಿತು ಅಂತ ನಂಬಬೇಕು. ಇಷ್ಟು ನಂಬಿದ ಮೇಲೆ ಕಣ್ಣು ಹೊಳೆದರೇನು, ಬಿಟ್ಟರೇನು.

ಸಿಂಗ್ ತಾವೇ ಕತೆ ಬದಲಾಯಿಸಿದ್ದೂ ಇದೆ. ಒಂದು ಕಡೆ, ಮಕ್ಕಳನ್ನು ಕಾಡಿನಂಚಿನವರೊಬ್ಬರು ತಂದುಕೊಟ್ಟರು ಅನ್ನುತ್ತಾರೆ. ಆಮೇಲೆ, ಹುತ್ತ ಅಗೆಸಿದ್ದು ನಾನೇ ಅನ್ನುತ್ತಾರೆ. ಫ್ರಾನ್ಸಿನ ಶಸ್ತ್ರವೈದ್ಯ ಸೆರ್ಜ್ ಅರೋಲ್ ಕಾಗದಪತ್ರಗಳನ್ನು ಕೆದಕಿ 2007ರಲ್ಲಿ ಬರೆದ ಪುಸ್ತಕ ಈ ಕತೆಗೆ ಬಿದ್ದ ದೊಡ್ಡ ಪೆಟ್ಟು. ದಿನದಿನವೂ ಬರೆದದ್ದು ಅಂತ ಹೇಳುವ ಆ ಹಸ್ತಪ್ರತಿ ಕಮಲಾ ಸತ್ತ ಆರು ವರ್ಷದ ಮೇಲೆ, 1935ರ ನಂತರ ಬರೆದದ್ದು ಅನ್ನೋದು ಅವರ ವಾದ. ನಾಲ್ಕು ಕಾಲಲ್ಲಿ ನಡೆಯುವ ಫೋಟೋಗಳು 1937ರವು, ಅದರಲ್ಲಿರೋದು ಬೇರೆ ಹುಡುಗಿಯರು. ನೋಡಲು ಬಂದವರ ಮುಂದೆ ತೋಳದ ಹಾಗೆ ಆಡಲಿ ಅಂತ ಕಮಲಾಗೆ ಹೊಡೆಯುತ್ತಿದ್ದರು. ಅನಾಥಾಲಯಕ್ಕೆ ಹಣ ಬೇಕಿತ್ತು. ಕಮಲಾಗೆ ಇದ್ದದ್ದು ರೆಟ್ ಸಿಂಡ್ರೋಮ್ ಎಂಬ ನರಸಂಬಂಧಿ ಕಾಯಿಲೆ ಅಂತಲೂ ಅರೋಲ್ ಹೇಳುತ್ತಾರೆ. ಕಾಯಿಲೆಯ ಹೆಸರಿನ ವಿಷಯದಲ್ಲಿ ನಾನು ಅವರಷ್ಟು ಧೈರ್ಯ ಮಾಡಲಾರೆ. ಸತ್ತು ಎಂಟು ದಶಕವಾದ ಹುಡುಗಿಗೆ ಕಾಗದ ನೋಡಿ ರೋಗ ಹೇಳೋದು ಕೂಡ ಒಂದು ಬಗೆಯ ಕಣಿಯೇ. ಆದರೆ ಒಂದಂತೂ ನಿಜ. ಆಂಡ್ರಿಯಾಸ್ ರೆಟ್ ಆ ಕಾಯಿಲೆಯನ್ನು ವಿವರಿಸಿದ್ದು 1966ರಲ್ಲಿ. 1920ರ ಮಿಡ್ನಾಪುರದಲ್ಲಿ ಮಾತಾಡದ, ನಡೆಯದ, ಯಾರ ಮುಖವನ್ನೂ ನೋಡದ ಹೆಣ್ಣುಮಗುವಿಗೆ ಹೇಳಲು ಡಾಕ್ಟರ ಹತ್ತಿರ ಹೆಸರಿರಲಿಲ್ಲ. ಊರಿನ ಹತ್ತಿರ ಇತ್ತು.

ಇದನ್ನು ಇಷ್ಟು ಸುಲಭವಾಗಿ ಯಾಕೆ ನಂಬಿದರು? ಒಂದು ಕಾರಣ, ಓದುಗರು ತಯಾರಾಗಿದ್ದರು. ಠಗ್ಗರನ್ನು ಹಿಡಿದು ಹೆಸರಾದ ಸ್ಲೀಮನ್ ಸಾಹೇಬರು 1852ರಲ್ಲೇ ಅವಧ್ ಸೀಮೆಯ ತೋಳದ ಮಕ್ಕಳ ಬಗ್ಗೆ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ್ದರು. ಸುಲ್ತಾನ್‌ಪುರದ ಸುತ್ತಮುತ್ತ ಸಿಕ್ಕ ಹುಡುಗರು. ಮಾತು ಬಾರದು, ಹಸಿ ಮಾಂಸ ತಿಂತಾರೆ, ಸ್ವಲ್ಪ ಕಾಲದಲ್ಲೇ ಸಾಯುತ್ತಾರೆ. 1867ರಲ್ಲಿ ಬುಲಂದ್‌ಶಹರದ ಹತ್ತಿರ ಸಿಕ್ಕ ಹುಡುಗ ಆಗ್ರಾ ಬಳಿಯ ಸಿಕಂದ್ರಾದ ಮಿಷನ್ ಅನಾಥಾಲಯಕ್ಕೆ ಶನಿವಾರ ಬಂದಿದ್ದರಿಂದ ಸನೀಚರ್ ಆದ. ಬದುಕಿದಷ್ಟು ದಿನ ಮಾತು ಬರಲೇ ಇಲ್ಲ, ಬೀಡಿ ಸಿಗರೇಟಿನ ಚಟ ಮಾತ್ರ ಬಂತು. ಮೌಗ್ಲಿಯ ಮೂಲ ಇವನೇ ಅಂತ ವರ್ಷಕ್ಕೊಮ್ಮೆ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದಕ್ಕೆ ಆಧಾರ ಇಲ್ಲ.

ಕಿಪ್ಲಿಂಗ್ 'ಜಂಗಲ್ ಬುಕ್' ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ, ಹೊರಗೆ ಹಿಮ ಬೀಳುತ್ತಿರುವಾಗ. ಸಿವನಿಯ ಕಾಡನ್ನು ಆತ ನೋಡಿರಲಿಲ್ಲ. ನಾವೆಲ್ಲ ಮೌಗ್ಲಿಯನ್ನು ಡಿಸ್ನಿಯ 1967ರ ಸಿನಿಮಾದಿಂದ ಬಲ್ಲವರು, ಚಡ್ಡಿ ಹಾಕಿಕೊಂಡು ಕರಡಿಯ ಜೊತೆ ಕುಣಿಯೋ ಹುಡುಗ. ಆದರೆ ಮೌಗ್ಲಿ ಮೊಟ್ಟಮೊದಲು ಕಾಣಿಸಿಕೊಳ್ಳೋದು 1893ರ 'ಇನ್ ದ ರುಖ್' ಕತೆಯಲ್ಲಿ, ಬೆಳೆದ ಗಂಡಸಾಗಿ. ಅಲ್ಲಿ ಅವನು ಏನಾಗ್ತಾನೆ ಗೊತ್ತಾ? ಬ್ರಿಟಿಷ್ ಸರ್ಕಾರದ ಅರಣ್ಯ ಇಲಾಖೆಯಲ್ಲಿ ಗಾರ್ಡ್. ಸಂಬಳ ಉಂಟು, ಕೊನೆಗೆ ಪೆನ್ಷನ್ನೂ ಉಂಟು. ತೋಳದ ಹಾಲು ಕುಡಿದ ಮಗನಿಗೆ ನಮ್ಮ ಅಪ್ಪ ಅಮ್ಮಂದಿರೂ ಇದಕ್ಕಿಂತ ಒಳ್ಳೆ ಭವಿಷ್ಯ ಬಯಸ್ತಿರಲಿಲ್ಲ. ನಗು ಬರುತ್ತೆ, ಆದರೆ ಕಿಪ್ಲಿಂಗ್‌ನ ಮನಸ್ಸು ಅರ್ಥವಾಗೋದು ಇಲ್ಲೇ. ಕಾಡನ್ನು ಬಲ್ಲ ಹುಡುಗ ಸಾಮ್ರಾಜ್ಯಕ್ಕೆ ಉಪಯೋಗಕ್ಕೆ ಬರುತ್ತಾನೆ. ಸನೀಚರ್ ಯಾವ ಉಪಯೋಗಕ್ಕೂ ಬರಲಿಲ್ಲ, ಹಾಗಾಗಿ ಅವನ ಮೇಲೆ ಯಾರೂ ಕತೆ ಕಟ್ಟಲಿಲ್ಲ.

ನಮ್ಮ ಹಳೇ ಕತೆಗಳಲ್ಲೂ ಕಾಡಿನ ಕೂಸುಗಳಿವೆ. ಶಕುಂತಲೆಯನ್ನು ಕಾದದ್ದು ಹಕ್ಕಿಗಳು, ಹೆಸರೇ ಹೇಳುತ್ತೆ. ಋಷ್ಯಶೃಂಗ ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ ಹೆಣ್ಣಿನ ಮುಖ ನೋಡದೆ ಬೆಳೆದವನು. ಶೃಂಗೇರಿಯ ಹತ್ತಿರ ಕಿಗ್ಗದಲ್ಲಿ ಇವತ್ತಿಗೂ ಮಳೆಗಾಗಿ ಅವನಿಗೇ ಮೊರೆ. ಆ ಕಾಡಿನಲ್ಲಿ ಆಶ್ರಮ ಇರುತ್ತೆ, ಮಾತು ಇರುತ್ತೆ, ಮಕ್ಕಳು ಊರಿನವರಿಗಿಂತ ಚೆನ್ನಾಗಿ ಮಾತಾಡ್ತಾರೆ. ವೃಕೋದರ ಅನ್ನೋದು ಭೀಮನಿಗೆ ಬೈಗುಳವಲ್ಲ, ಬಿರುದು. ಅಲ್ಲಿ ಯಾರಿಗೂ ಪ್ರಾಣಿಗೂ ಮನುಷ್ಯನಿಗೂ ನಡುವಿನ ಗೆರೆ ಎಲ್ಲಿದೆ ಅಂತ ಅಳೆದು ನೋಡುವ ಅವಸರ ಇಲ್ಲ. ಆ ಅವಸರ ಹುಟ್ಟಿದ್ದು ಯುರೋಪಿನಲ್ಲಿ, ಅದು ಮೊದಲು ನ್ಯಾಯಾಲಯದಲ್ಲಿ ಕಾಣಿಸಿಕೊಂಡಿತು.

1603ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಜಾನ್ ಗ್ರೆನಿಯೆ ಅನ್ನೋ ಹದಿಮೂರು ಹದಿನಾಲ್ಕರ ಹುಡುಗನ ವಿಚಾರಣೆ ನಡೆಯಿತು. ಮನೆ ಬಿಟ್ಟು ತಿರುಗುತ್ತಿದ್ದ ದನಗಾಹಿ ಹುಡುಗ. ತೋಳದ ಚರ್ಮ ಹೊದ್ದು ತೋಳವಾಗಿ ಮಕ್ಕಳನ್ನು ತಿಂದಿದ್ದೇನೆ ಅಂತ ತಾನೇ ಒಪ್ಪಿಕೊಂಡ. ಅದೇ ಆಸುಪಾಸಿನ ವರ್ಷಗಳಲ್ಲಿ ಇಂಥವರನ್ನು ಸುಡುತ್ತಿದ್ದರು. ಬೋರ್ಡೋದ ನ್ಯಾಯಾಧೀಶರು ಸುಡಲಿಲ್ಲ. ಹುಡುಗನಿಗೆ ಬುದ್ಧಿ ಬೆಳೆದಿಲ್ಲ, ನೋಡಿಕೊಳ್ಳುವವರು ಇರಲಿಲ್ಲ ಅಂತ ಹೇಳಿ ಸಾಯುವ ತನಕ ಮಠದಲ್ಲಿಟ್ಟರು. ಕೆಲವು ವರ್ಷ ಬಿಟ್ಟು ಅವನನ್ನು ನೋಡಲು ಹೋದ ದ ಲಾಂಕ್ರ್, ಆ ಹುಡುಗ ಕೈಕಾಲು ಊರಿ ನಡೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನರತೋಳದ ಕತೆಗೂ ತೋಳದ ಮಗುವಿನ ಕತೆಗೂ ನಡುವೆ ಇರೋದು ಬರೀ ಒಂದು ಗೋಡೆ. ಹುಡುಗ ಮಠದ ಹೊರಗಿದ್ದಾಗ ರಾಕ್ಷಸ, ಒಳಗೆ ಬಂದ ಮೇಲೆ ಪಾಪದ ಕೂಸು. ಸಿನಿಮಾದವರು ಈ ಗೋಡೆಯ ಹತ್ತಿರ ಹೋಗೋದೇ ಇಲ್ಲ. 1992ರ 'ಜುನೂನ್'ನಲ್ಲಿ ಹುಣ್ಣಿಮೆಗೆ ಹುಲಿಯಾಗ್ತಾನೆ, 2022ರ 'ಭೇಡಿಯಾ'ದಲ್ಲಿ ತೋಳವಾಗ್ತಾನೆ. ಎರಡರಲ್ಲೂ ಮೈ ಬೆನ್ನು ಸೀಳುವ ಗ್ರಾಫಿಕ್ಸೇ ಮುಖ್ಯ. 'ಭೇಡಿಯಾ' ಅರುಣಾಚಲದ ಕಾಡು ಕಡಿಯುವ ರಸ್ತೆಯ ಬಗ್ಗೆ ಎರಡು ಮಾತಾಡುತ್ತೆ ಅನ್ನೋದೇ ಸಮಾಧಾನ.

ಸಿಂಗ್ ಪುಸ್ತಕದ ಪಕ್ಕ ಇಟ್ಟು ಓದಬೇಕಾದದ್ದು ಬೇರೆಯೇ ಇದೆ. ದಕ್ಷಿಣ ಫ್ರಾನ್ಸಿನ ಅವೆರಾನ್ ಸೀಮೆಯಲ್ಲಿ 1800ರಲ್ಲಿ ಕೈಗೆ ಸಿಕ್ಕ ವಿಕ್ಟರ್ ಎಂಬ ಹುಡುಗನ ಬಗ್ಗೆ ಡಾಕ್ಟರ್ ಇಟಾರ್ ಬರೆದ ಎರಡು ವರದಿಗಳು. ಅದರಲ್ಲಿ ತೋಳ ಇಲ್ಲ. ಪವಾಡವೂ ಇಲ್ಲ. ಇವತ್ತು ಈ ಪಾಠ ಹೇಳಿಕೊಟ್ಟೆ, ಕಲಿಯಲಿಲ್ಲ. ವಿಧಾನ ಬದಲಿಸಿದೆ, ಆಗಲೂ ಕಲಿಯಲಿಲ್ಲ. ಸಿಟ್ಟು ಬಂದು ಹೆದರಿಸಿದೆ, ನಾಚಿಕೆಯಾಯಿತು. ಇಂಥದ್ದೇ ಪುಟ ಪುಟ. ಐದಾರು ವರ್ಷ ಹೆಣಗಿದರೂ ವಿಕ್ಟರ್ ಬಾಯಲ್ಲಿ ಬಂದದ್ದು ಹಾಲು ಅನ್ನೋ ಅರ್ಥದ ಶಬ್ದ ಮತ್ತೆ ಇನ್ನೊಂದೆರಡು. ಟ್ರುಫೋ 1970ರಲ್ಲಿ ಇದನ್ನು ಸಿನಿಮಾ ಮಾಡಿದಾಗ, ಓಡಿಹೋದ ಹುಡುಗ ತಾನಾಗೇ ಮನೆಗೆ ಬರೋ ಕಡೆಗೆ ನಿಲ್ಲಿಸಿಬಿಟ್ಟರು. ಇಟಾರ್ ಸೋತು ಕೈಬಿಟ್ಟ ಭಾಗ ತೆರೆಯ ಮೇಲೆ ಬರೋದಿಲ್ಲ. ಸೋತರೂ ಆ ಪಾಠದ ಸಾಮಾನುಗಳು ಉಳಿದವು. ಇಟಾರ್‌ನಿಂದ ಸೆಗ್ವಾನ್‌ಗೆ, ಅವರಿಂದ ಮರಿಯಾ ಮಾಂಟೆಸೊರಿಗೆ. ಆಕೆ ಇವರಿಬ್ಬರ ಬರಹವನ್ನು ಕೈಯಾರೆ ನಕಲು ಮಾಡಿಕೊಂಡಿದ್ದರಂತೆ. ಜಯನಗರದಲ್ಲೋ ವೈಟ್‌ಫೀಲ್ಡಿನಲ್ಲೋ ನಿಮ್ಮ ಮಗು ಉರುಟು ಕಾಗದದ ಅಕ್ಷರದ ಮೇಲೆ ಬೆರಳಾಡಿಸುತ್ತಲ್ಲ, ಆ ಪಾಠದ ವಂಶಾವಳಿಯಲ್ಲಿ ಮಾತು ಬಾರದ ಒಬ್ಬ ಕಾಡುಹುಡುಗ ಇದ್ದಾನೆ. ಸಿಂಗ್ ಪುಸ್ತಕದಿಂದ ಯಾವ ಮಗುವಿಗೂ ಇಷ್ಟು ಸಿಕ್ಕಿಲ್ಲ.

ಸುಳ್ಳನ್ನು ಬಯಲಿಗೆಳೆದವರೂ ಎಡವಿದ್ದಾರೆ ಅನ್ನಿ. 1959ರಲ್ಲಿ ಬ್ರೂನೋ ಬೆಟಲ್‌ಹೈಮ್, ಇವರು ತೋಳದ ಮಕ್ಕಳಲ್ಲ, ಆಟಿಸಂ ಇದ್ದ ಮಕ್ಕಳು ಅಂತ ಬರೆದರು. ಅಲ್ಲಿಯವರೆಗೆ ಸರಿ. ಆದರೆ ಆಟಿಸಂಗೆ ಕಾರಣ ಪ್ರೀತಿ ಕೊಡದ ತಾಯಿ ಅನ್ನೋದು ಅವರ ಸಿದ್ಧಾಂತ. ತೋಳದಮ್ಮನನ್ನು ಕೊಂದು ಹೆತ್ತಮ್ಮನ ಮೇಲೆ ಗೂಬೆ ಕೂರಿಸಿದರು. ಎಷ್ಟೋ ತಾಯಂದಿರು ಆ ಗೂಬೆಯನ್ನು ದಶಕಗಳ ಕಾಲ ಹೊತ್ತರು.

ತೋಳಕ್ಕಂತೂ ಈ ಕತೆಗಳಿಂದ ಯಾವ ಲಾಭವೂ ಆಗಲಿಲ್ಲ. ಸ್ಲೀಮನ್ ಓಡಾಡಿದ ಅದೇ ಸುಲ್ತಾನ್‌ಪುರ, ಜೊತೆಗೆ ಜೌನ್‌ಪುರ, ಪ್ರತಾಪ್‌ಗಢಗಳಲ್ಲಿ 1996ರಲ್ಲಿ ತೋಳ ನಿಜವಾಗಿಯೇ ಮಕ್ಕಳನ್ನು ಹೊತ್ತೊಯ್ದಿತು. ಸಾಕಲಿಕ್ಕಲ್ಲ. ವನ್ಯಜೀವಿ ವಿಜ್ಞಾನಿ ಯಾದವೇಂದ್ರದೇವ್ ಝಾಲಾ ಮತ್ತು ಅವರ ಸಹೋದ್ಯೋಗಿ ಹೋಗಿ ಅಧ್ಯಯನ ಮಾಡಿದರು. ಸತ್ತವರಲ್ಲಿ ಹೆಚ್ಚಿನವರು ಬಡವರ ಮಕ್ಕಳು. ಊರಲ್ಲಿ ಮಾತ್ರ ಇದು ತೋಳವಲ್ಲ, ತೋಳದ ವೇಷದ ಮನುಷ್ಯ ಅನ್ನೋ ಗುಲ್ಲೆದ್ದು, ಅಪರಿಚಿತರನ್ನು ಹಿಡಿದು ಬಡಿದರು. 2024ರಲ್ಲಿ ಬಹ್ರೈಚ್‌ನಲ್ಲಿ ಮತ್ತೆ ಮಕ್ಕಳು ಸತ್ತಾಗ ಅರಣ್ಯ ಇಲಾಖೆ ಕಾರ್ಯಾಚರಣೆಗೆ ಇಟ್ಟ ಹೆಸರು 'ಆಪರೇಷನ್ ಭೇಡಿಯಾ'. ಇಡೀ ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು 3 ಸಾವಿರ ಅಂತ ಅಂದಾಜು, ಹುಲಿಗಳ ಲೆಕ್ಕಕ್ಕಿಂತ ಕಡಿಮೆ. ನಮ್ಮಲ್ಲಿ ಮೇಲುಕೋಟೆಯ ಅಭಯಾರಣ್ಯವನ್ನು 1974ರಲ್ಲಿ ಮಾಡಿದ್ದು ತೋಳಕ್ಕೆಂದೇ ಅನ್ನೋದು ಪುಳಿಯೋಗರೆಗೆ ಹೋಗಿ ಬರುವವರಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅಂತ ಗಾದೆ ಮಾಡಿದ ಜನ ನಾವು.

ಹಾಗಂತ ಸಿಂಗ್ ಪುಸ್ತಕವನ್ನು ಪೂರ್ತಿ ಎಸೆಯಲು ನನಗೆ ಮನಸ್ಸಿಲ್ಲ. ತೋಳ ಬರುವ ಕಡೆಯೆಲ್ಲ ಅದು ಕಾಗಕ್ಕ ಗುಬ್ಬಕ್ಕನ ಕತೆ. ತೋಳ ಇಲ್ಲದ ಕೆಲವು ಜಾಗಗಳಲ್ಲಿ ಮಾತ್ರ ಧ್ವನಿ ಬೇರೆಯಾಗುತ್ತೆ. ಇಟಾರ್ ವರದಿಯಲ್ಲೂ ಹಾಗೇ: ವಿಕ್ಟರ್‌ನನ್ನು ನೋಡಿಕೊಳ್ಳುತ್ತಿದ್ದ ಮೇಡಂ ಗೆರಾನ್ ಗಂಡ ತೀರಿಕೊಂಡ ದಿನ, ಹುಡುಗ ರೂಢಿಯಂತೆ ಊಟದ ಮೇಜಿನ ಮೇಲೆ ಆತನ ತಟ್ಟೆಯನ್ನೂ ಇಡುತ್ತಾನೆ. ಆಕೆ ಅಳುತ್ತಾಳೆ. ಹುಡುಗ ತಟ್ಟೆಯನ್ನು ತೆಗೆದು ಒಳಗಿಟ್ಟು ಬರುತ್ತಾನೆ, ಮತ್ತೆಂದೂ ಅದನ್ನು ಹೊರಗೆ ತರೋದಿಲ್ಲ. ಸಿಂಗ್ ಪುಸ್ತಕದಲ್ಲಿ ಇದಕ್ಕೆ ಸಮನಾಗಿ ನಿಲ್ಲೋದು ಪಾದ್ರಿಯ ಹೆಂಡತಿ. ಗೆಸೆಲ್‌ಗೂ ಜಿಂಗ್‌ಗೂ ಆಕೆಯಲ್ಲಿ ಅಂಥ ಆಸಕ್ತಿ ಇರಲಿಲ್ಲ. ಕಮಲಾಳ ಕಾಲು ನೆಟ್ಟಗಾಗಲಿ ಅಂತ ಆಕೆ ಸಾಸಿವೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ಬೇರೆ ಯಾರನ್ನೂ ಹತ್ತಿರ ಸೇರಿಸದ ಹುಡುಗಿ ಆಕೆಗೆ ಮಾತ್ರ ಮೈ ಕೊಟ್ಟು ಸುಮ್ಮನೆ ಮಲಗಿರುತ್ತಿದ್ದಳು.