ಕನ್ನಡಕವನ್ನು ಮತ್ತೆ ಹಾಕಿಕೊಂಡವನು

ಸೂಪರ್‌ಮ್ಯಾನ್ ಪಾತ್ರವನ್ನು ತೆರೆಯ ಮೇಲೆ ನಿರ್ವಹಿಸಿದ ನಟರನ್ನು ಹೋಲಿಸುವಾಗಲೆಲ್ಲ ಕ್ರಿಸ್ಟೋಫರ್ ರೀವ್ ಅವರ ಹೆಸರು ಮೊದಲಿಗೆ ಬರುತ್ತದೆ, ಆ ಹಿರಿಮೆಗೆ ಸಾಕ್ಷಿಯಾಗಿ ರಿಚರ್ಡ್ ಡಾನರ್ ನಿರ್ದೇಶನದ 1978ರ ‘ಸೂಪರ್‌ಮ್ಯಾನ್’ ಚಿತ್ರದ ಒಂದೇ ದೃಶ್ಯವನ್ನು ಮುಂದಿಡಲಾಗುತ್ತದೆ. ದೃಶ್ಯದ ಆಯ್ಕೆಯಲ್ಲಿ ತಪ್ಪಿಲ್ಲ. ಆದರೆ ಹೊಗಳಿಕೆಯೆಲ್ಲ ಅದರ ಮೊದಲರ್ಧಕ್ಕೇ ಸಲ್ಲುತ್ತ ಬಂದಿರುವುದರಿಂದ ರೀವ್ ಅವರ ನಿಜವಾದ ಸಾಧನೆ ಇಷ್ಟೆಲ್ಲ ಕೀರ್ತಿಯ ನಡುವೆಯೂ ಅಲಕ್ಷ್ಯಕ್ಕೆ ಒಳಗಾಗಿದೆ.

ಲೋಯಿಸ್ ಲೇನ್‌ಳನ್ನು ನಗರದ ಮೇಲೆ ಹಾರಿಸಿಕೊಂಡು ಬಂದು ಮನೆಗೆ ಮುಟ್ಟಿಸಿದ ಸೂಪರ್‌ಮ್ಯಾನ್, ಬಾಲ್ಕನಿಯಿಂದ ಮರೆಯಾದ ಕೆಲವೇ ಕ್ಷಣಗಳಲ್ಲಿ ಪತ್ರಕರ್ತ ಕ್ಲಾರ್ಕ್ ಕೆಂಟ್ ಆಗಿ ಅವಳ ಬಾಗಿಲು ತಟ್ಟುತ್ತಾನೆ. ಹಾರಾಟದ ಗುಂಗಿನಿಂದ ಇನ್ನೂ ಹೊರಬಾರದ ಅವಳು ಅವನೊಡನೆ ಹೊರಡುವ ಸಿದ್ಧತೆಗೆಂದು ಅತ್ತ ಸರಿದಾಗ ಅವನು ಕನ್ನಡಕ ತೆಗೆಯುತ್ತಾನೆ. ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಒಳಸೇರಿದ್ದ ಭುಜಗಳು ಹರಡಿಕೊಳ್ಳುತ್ತವೆ, ದನಿ ತಗ್ಗಿ ಗಂಭೀರವಾಗುತ್ತದೆ, ಅವಳಿಗೊಂದು ವಿಷಯ ಹೇಳಬೇಕಾಗಿದೆ ಎಂದು ಮಾತು ಆರಂಭವಾಗುತ್ತದೆ. ಅವಳ ಗಮನ ತನ್ನತ್ತ ಹೊರಳುತ್ತಿದ್ದಂತೆ ಅವನು ಕನ್ನಡಕ ಹಾಕಿಕೊಂಡು, ಆರಂಭಿಸಿದ ವಾಕ್ಯವನ್ನೇ ಬೇರೆ ದಾರಿಗೆ ತಿರುಗಿಸಿ, ಈ ಸಂಜೆಯ ಬಗ್ಗೆ ತನಗೆ ಅಳುಕಿತ್ತೆಂದು ಹೇಳಿ ಮತ್ತೆ ಕ್ಲಾರ್ಕ್ ಆಗುತ್ತಾನೆ.

ಭರತನ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕಾಗಿ ವಿಂಗಡಿಸುತ್ತದೆ: ವೇಷಭೂಷಣಗಳಿಂದ ಸಾಧಿಸುವುದು ಆಹಾರ್ಯ, ಅಂಗಾಂಗಗಳ ಚಲನೆಯಿಂದ ಸಾಧಿಸುವುದು ಆಂಗಿಕ, ಮಾತು ಮತ್ತು ದನಿಯಿಂದ ಸಾಧಿಸುವುದು ವಾಚಿಕ, ಒಳಗಿನ ಭಾವ ತಾನಾಗಿ ಮೈಯಲ್ಲಿ ತೋರಿಬರುವುದು ಸಾತ್ತ್ವಿಕ. ವಿಮರ್ಶಕರು ಬೆರಗಾಗುವ ಮೊದಲರ್ಧ ಆಂಗಿಕ ವಾಚಿಕಗಳ ಸೊಗಸಾದ ಸಂಯೋಗ ಹೌದು, ಆದರೆ ಹೊಸತೇನೂ ಅಲ್ಲ. 1940ರಲ್ಲಿ ಆರಂಭವಾದ ರೇಡಿಯೊ ಸರಣಿಯಲ್ಲಿ ಬಡ್ ಕಾಲಿಯರ್ ಅವರು, ಕೇಳುಗನಿಗೆ ಉಡುಪಾಗಲಿ ಕನ್ನಡಕವಾಗಲಿ ಕಾಣುವಂತಿಲ್ಲವಾದ್ದರಿಂದ, ಒಂದೇ ವಾಕ್ಯವನ್ನು ಕ್ಲಾರ್ಕ್‌ನ ತೆಳು ದನಿಯಲ್ಲಿ ಎತ್ತಿಕೊಂಡು ಸೂಪರ್‌ಮ್ಯಾನ್‌ನ ತುಂಬು ದನಿಯಲ್ಲಿ ಮುಗಿಸುವ ಕ್ರಮವನ್ನು ರೂಢಿಸಿದ್ದರು. 1952ರಿಂದ 1958ರವರೆಗೆ ನಡೆದ ದೂರದರ್ಶನ ಸರಣಿಯಲ್ಲಿ ಜಾರ್ಜ್ ರೀವ್ಸ್ ಅವರು ಅದನ್ನು ಬಹುಮಟ್ಟಿಗೆ ಕೈಬಿಟ್ಟು, ಇಬ್ಬರನ್ನೂ ಒಂದೇ ಆತ್ಮವಿಶ್ವಾಸದಿಂದ ನಡೆಸಿದ್ದರಿಂದ ಅಲ್ಲಿ ಉಳಿದದ್ದು ಆಹಾರ್ಯದ ಭೇದ ಮಾತ್ರ. ಕಳೆದುಹೋಗಿದ್ದ ಆ ರೇಡಿಯೊ ವಿದ್ಯೆಗೆ ರೀವ್ ದೇಹವನ್ನು ಕೊಟ್ಟರು, ಅಷ್ಟೆ.

ದೃಶ್ಯದ ತಿರುಳಿರುವುದು ಮರಳಿ ಕುಗ್ಗುವ ಗಳಿಗೆಯಲ್ಲಿ. ಕನ್ನಡಕ ತೆಗೆದು ನಿಂತವನು ಯಾರು ಎಂದು ಕೇಳಿಕೊಂಡರೆ ಉತ್ತರ ಸುಲಭವಲ್ಲ: ಅವನ ಮೈಮೇಲಿರುವುದು ಕ್ಲಾರ್ಕ್‌ನ ಕೋಟು, ಗಂಟಲಲ್ಲಿರುವುದು ಸೂಪರ್‌ಮ್ಯಾನ್‌ನ ದನಿ, ಆದರೆ ಕೆಲವೇ ಕ್ಷಣಗಳ ಹಿಂದೆ ಅದೇ ಹೆಣ್ಣಿನೊಡನೆ ಸಲೀಸಾಗಿ ಸರಸವಾಡಿದ್ದ ಸೂಪರ್‌ಮ್ಯಾನ್‌ನಲ್ಲಿ ಕಾಣದಿದ್ದ ಹಿಂಜರಿಕೆ ಇವನಲ್ಲಿದೆ, ಕ್ಲಾರ್ಕ್‌ನ ಗಡಿಬಿಡಿಯಲ್ಲಿ ಎಂದೂ ಇಣುಕದ ಆಸೆಯೂ ಇದೆ. ಇವನು ಮೂರನೆಯವನು, ಎರಡೂ ವೇಷಗಳನ್ನು ಹೊತ್ತು ತಿರುಗುತ್ತಿರುವವನು, ತನ್ನದೇ ಆದ ಹೆಸರಿನಲ್ಲಿ ಯಾರೊಡನೆಯೂ ಮಾತಾಡಲಾಗದವನು. ಅವನು ಹಿಂದೆಗೆಯುವಾಗ ಭುಜ ಕುಸಿಯುವುದು ಆಂಗಿಕದಂತೆ ಕಂಡರೂ, ಕುಸಿತಕ್ಕೆ ಮೊದಲು ಮುಖದ ಮೇಲೆ ಹಾದುಹೋಗುವ ನಿರಾಶೆ ಸಾತ್ತ್ವಿಕವೇ ಸರಿ. ನೆಟ್ಟಗಾಗುವುದನ್ನು ಕಸುಬುಳ್ಳ ನಟನಿಗೆ ಕಲಿಸಬಹುದು. ಹೇಳಬೇಕೆಂದಿದ್ದನ್ನು ನುಂಗಿಕೊಂಡು, ಹಾಗೆ ನುಂಗಿಕೊಂಡದ್ದನ್ನು ಪ್ರೇಕ್ಷಕನಿಗೆ ತೋರಿಸಿ ಎದುರಿನವಳಿಂದ ಮರೆಮಾಚುವುದನ್ನು ಕಲಿಸಲಾಗದು.

ಈ ಮೂರನೆಯವನು ವಿಮರ್ಶೆಯ ಕಣ್ಣಿಗೆ ಬೀಳದಿರುವುದಕ್ಕೆ ಒಂದು ಹಳೆಯ ವಾದವೇ ಮುಖ್ಯ ಕಾರಣ. ಸೂಪರ್‌ಮ್ಯಾನ್ ಸಹಜ, ಕ್ಲಾರ್ಕ್ ಬರಿಯ ಸೋಗು ಎಂಬ ವಿಚಾರವನ್ನು ಜೂಲ್ಸ್ ಫೈಫರ್ 1965ರ ತಮ್ಮ ಪುಸ್ತಕದಲ್ಲಿ ಮಂಡಿಸಿದರು. ಕ್ವೆಂಟಿನ್ ಟ್ಯಾರಂಟಿನೊ ಅವರ ‘ಕಿಲ್ ಬಿಲ್’ನ 2004ರ ಎರಡನೆಯ ಭಾಗದಲ್ಲಿ ಖಳನಾಯಕ ಬಿಲ್ ಅದನ್ನೇ ಇನ್ನಷ್ಟು ಕಹಿಯಾಗಿಸಿ, ದುರ್ಬಲನೂ ಹೇಡಿಯೂ ಆದ ಕ್ಲಾರ್ಕ್ ಮನುಷ್ಯಕುಲದ ಬಗ್ಗೆ ಸೂಪರ್‌ಮ್ಯಾನ್ ಮಾಡಿದ ಟೀಕೆ ಎನ್ನುತ್ತಾನೆ. ಖಳನ ಬಾಯಲ್ಲಿಟ್ಟ ಮಾತನ್ನು ತತ್ತ್ವವೆಂದು ಒಪ್ಪಿಕೊಂಡವರು 1978ರ ಚಿತ್ರವನ್ನು ಗಮನವಿಟ್ಟು ನೋಡಿಲ್ಲವೆಂದೇ ಹೇಳಬೇಕಾಗುತ್ತದೆ. ಅದರಲ್ಲಿ ಕ್ಲಾರ್ಕ್ ತನ್ನ ಸಂಬಳದ ಅರ್ಧವನ್ನು ತಾಯಿಗೆ ಕಳುಹಿಸಲು ಏರ್ಪಾಡು ಮಾಡಿಕೊಳ್ಳುತ್ತಾನೆ, ಅದು ಸೋಗಲ್ಲ, ಕ್ಯಾನ್ಸಸ್‌ನ ರೈತದಂಪತಿ ಸಾಕಿದ ಮಗನ ನಡತೆ. ಗಲ್ಲಿಯಲ್ಲಿ ದರೋಡೆಕೋರ ಹಾರಿಸಿದ ಗುಂಡನ್ನು ಲೋಯಿಸ್‌ಗೆ ತಿಳಿಯದಂತೆ ಅಂಗೈಯಲ್ಲಿ ಹಿಡಿದು ಮೂರ್ಛೆ ಹೋದವನಂತೆ ಬೀಳುತ್ತಾನೆ, ಅದು ಹೇಡಿಯೆನಿಸಿಕೊಳ್ಳಲು ಸಿದ್ಧನಿರುವವನ ರಕ್ಷಣೆ. ಇಲ್ಲಿ ಮನುಷ್ಯರ ಮೇಲಿನ ತಿರಸ್ಕಾರವನ್ನು ಹುಡುಕಿದರೂ ಸಿಗದು. ಫೈಫರ್ ಅವರ ವಾದಕ್ಕೆ ಎದುರಾಗಿ 1986ರಲ್ಲಿ ಜಾನ್ ಬರ್ನ್ ಕಾಮಿಕ್ ಪುಸ್ತಕಗಳಲ್ಲಿ ಕ್ಲಾರ್ಕ್‌ನೇ ನಿಜ, ಸೂಪರ್‌ಮ್ಯಾನ್ ವೇಷ ಎಂದು ತಿರುವುಮುರುವು ಮಾಡಿದರು. ಆದರೆ ಎರಡರಲ್ಲಿ ಒಂದನ್ನು ಸುಳ್ಳಾಗಿಸಲೇಬೇಕೆಂಬ ಹಟ ಎರಡು ಪಕ್ಷಗಳಿಗೂ ಸಮಾನವಾದದ್ದು, ಮತ್ತು ಆ ಹಟ ಗೆದ್ದಲ್ಲೆಲ್ಲ ನಟನಿಗೆ ಮಾಡಲು ಉಳಿಯುವ ಕೆಲಸ ಅರ್ಧವಾಗುತ್ತದೆ.

ರೀವ್ ಅವರ ಕ್ಲಾರ್ಕ್‌ನಲ್ಲಿ ಎಡವುವಿಕೆ, ತಡವರಿಕೆಗಳು ಕೆಲವೆಡೆ ಅತಿಯಾಗುತ್ತವೆ ಎಂಬುದನ್ನು ಒಪ್ಪಬೇಕು. ಅವರ ನಂತರದವರಲ್ಲಿ ಬ್ರ್ಯಾಂಡನ್ ರೌತ್ 2006ರಲ್ಲಿ ರೀವ್ ಅವರ ಹೊರರೂಪವನ್ನು ಶ್ರದ್ಧೆಯಿಂದ ಅನುಕರಿಸಿದರು. 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಹೆನ್ರಿ ಕ್ಯಾವಿಲ್ ಕನ್ನಡಕ ತೊಟ್ಟ ಪತ್ರಕರ್ತನಾಗಿ ಕಾಣಿಸಿಕೊಳ್ಳುವುದು ಚಿತ್ರದ ಕೊನೆಯಲ್ಲಿ, ಅಷ್ಟರಲ್ಲಿ ಲೋಯಿಸ್‌ಗೆ ಎಲ್ಲವೂ ತಿಳಿದಿರುತ್ತದೆ, ದ್ವಂದ್ವವನ್ನೇ ತೆಗೆದುಹಾಕಿದ ಕಥೆಯಲ್ಲಿ ನಟನನ್ನು ದೂರುವುದು ನ್ಯಾಯವಲ್ಲ. ಜೇಮ್ಸ್ ಗನ್ ಅವರ 2025ರ ಚಿತ್ರದಲ್ಲಿ ಡೇವಿಡ್ ಕೊರೆನ್‌ಸ್ವೆಟ್ ಮಾತ್ರ ಆ ಮೂರನೆಯವನ ಹತ್ತಿರ ಸುಳಿಯುತ್ತಾರೆ. ಲೋಯಿಸ್ ತನ್ನ ಮನೆಯಲ್ಲೇ ಪ್ರಿಯಕರನನ್ನು ಸೂಪರ್‌ಮ್ಯಾನ್ ಎಂದು ಸಂದರ್ಶಿಸುವಾಗ ಅವನು ಸಾರ್ವಜನಿಕ ದನಿಯನ್ನು ಧರಿಸಿ ಕೂರುತ್ತಾನೆ, ಪ್ರಶ್ನೆಗಳು ಚುಚ್ಚತೊಡಗಿದಂತೆ ಆ ದನಿ ಕಳಚಿಬಿದ್ದು, ಕ್ಲಾರ್ಕ್‌ನದೂ ಅಲ್ಲದ ಸೂಪರ್‌ಮ್ಯಾನ್‌ನದೂ ಅಲ್ಲದ ಒಂದು ನೊಂದ ಸಿಟ್ಟು ಹೊರಬೀಳುತ್ತದೆ. ಇಷ್ಟಾಗಿಯೂ ಸಿಟ್ಟಿನ ನಂತರ ಅವನು ಕುಗ್ಗಬೇಕಾಗಿಲ್ಲ, ವಾಕ್ಯವನ್ನು ಬೇರೆ ದಾರಿಗೆ ತಿರುಗಿಸಬೇಕಾಗಿಲ್ಲ. ಅವನು ಯಾರೆಂಬುದು ಎದುರು ಕುಳಿತವಳಿಗೆ ಮೊದಲೇ ಗೊತ್ತು.